ಯಾವ ಕಾಲದ ಅರಸೀಕೆರೆ?

ಇಪ್ಪತ್ತೆರಡು ಬೋಗಿಗಳ ಒಂದು ಎಕ್ಸ್‌ಪ್ರೆಸ್ ರೈಲನ್ನು 87 ಪಾಲು ಕುಗ್ಗಿಸಿದರೂ ಅದರ ಉದ್ದ ಸುಮಾರು ಆರು ಮೀಟರ್ ಇರುತ್ತದೆ. ಹುಬ್ಬಳ್ಳಿಯ 1,507 ಮೀಟರಿನ ಪ್ಲಾಟ್‌ಫಾರಂ ಅದೇ ಲೆಕ್ಕದಲ್ಲಿ 17 ಮೀಟರ್ ದಾಟುತ್ತದೆ. ಬೆಂಗಳೂರಿನ ಸಾಧಾರಣ ಮನೆಯ ಮಹಡಿ ಕೋಣೆಯಲ್ಲಿ ಇವಕ್ಕೆಲ್ಲ ಜಾಗವೆಲ್ಲಿ? ಆದರೂ ಬಸವನಗುಡಿಯ ನಿವೃತ್ತ ಡ್ರಾಫ್ಟ್ಸ್‌ಮನ್ ಒಬ್ಬರು ಅಂಥ ಕೋಣೆಯಲ್ಲೇ ಅರಸೀಕೆರೆ ಜಂಕ್ಷನ್ನಿನ ಕಿರುಮಾದರಿ ಕಟ್ಟುವ ಸಂಕಲ್ಪ ಮಾಡಿದರು. ಹಳಿ ಹಾಸುವ ಮೊದಲು ಊರನ್ನೊಮ್ಮೆ ಕಣ್ಣಾರೆ ಅಳೆದು ಬರೋಣವೆಂದು, ಆರ್ಕಿಟೆಕ್ಚರ್ ಓದುತ್ತಿರುವ ತಮ್ಮನ ಮಗಳನ್ನು ಜೊತೆ ಮಾಡಿಕೊಂಡು ಮಾಗಿಯ ಒಂದು ಬೆಳಿಗ್ಗೆ ರೈಲು ಹತ್ತಿದರು. "ನಿಮಗೆ ಅರಸೀಕೆರೆ, ನನಗೆ ಹಳೇಬೀಡು–ಬೇಲೂರು. ಒಪ್ಪಿದರೆ ಬರ್ತೀನಿ ದೊಡ್ಡಪ್ಪ" ಎಂಬುದು ಅವಳ ಕರಾರು.

ಮರಳಿ ಬಂದ ಮೇಲೆ ಬಹಳ ದಿನ ಹಳಿ ಹಾಸುವ ಕೆಲಸ ಮುಂದೆ ಸಾಗಲಿಲ್ಲ. ಅರಸೀಕೆರೆಯ ಪ್ಲಾಟ್‌ಫಾರಂ ಮೇಲೆ ಯಾರೋ ಕೇಳಿದ ಒಂದು ಪ್ರಶ್ನೆ ಅಡ್ಡ ಕೂತುಬಿಟ್ಟಿತ್ತು.

ಮಾದರಿ ರೈಲು ಎಂದರೆ ಮಕ್ಕಳ ಆಟದ ಸಾಮಾನಲ್ಲವೇ ಎಂದು ಕೇಳುವವರೇ ಹೆಚ್ಚು. ಚನ್ನಪಟ್ಟಣದ ಅರಗಿನ ಬಣ್ಣದ ಮರದ ರೈಲಿಗೆ ಅದರದೇ ಸೊಗಸಿದೆ. ಅದು ರೈಲಿನ ಹಾಗೆ ಕಂಡರೆ ಸಾಕು, ಮಗು ಒಪ್ಪಿಕೊಳ್ಳುತ್ತದೆ. ಈ ಹವ್ಯಾಸದವರಿಗೆ ‘ಹಾಗೆ’ ಸಾಲದು. ಬೋಗಿಯ ಮೆಟ್ಟಿಲಿನ ಅಂಚು ಎಷ್ಟು ಸವೆದಿದೆ, ಕಿಟಕಿಯ ಸರಳುಗಳ ನಡುವೆ ಎಷ್ಟು ಅಂತರ, ಚಾವಣಿಯ ಮೇಲೆ ಮಸಿ ಎಲ್ಲಿಂದ ಎಲ್ಲಿಯವರೆಗೆ ಹರಿದಿದೆ ಎಂಬುದೆಲ್ಲ ಲೆಕ್ಕಕ್ಕೆ ಬರಬೇಕು. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಮೇಳಕ್ಕೆ ಗೊತ್ತಾದ ಅಳತೆಯ ಹಳಿಗಳನ್ನು ತಂದಾಗಿನಿಂದ ಆಟಿಕೆಗೆ ಅಳತೆಯ ಶಿಸ್ತು ಬಂತು. ಇಂದು ಜಗತ್ತಿನಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ಎಚ್‌ಒ ಎಂಬ ಅಳತೆ: ನಿಜದ 87ನೇ ಒಂದು ಪಾಲು, ಎರಡು ಹಳಿಗಳ ನಡುವೆ 16.5 ಮಿಲಿಮೀಟರ್.

ತೊಡಕು ಇಲ್ಲಿಯೇ. 16.5 ಎಂಬ ಅಂಕಿ ಹುಟ್ಟಿದ್ದು ಯುರೋಪು, ಅಮೆರಿಕಗಳ 1,435 ಮಿಲಿಮೀಟರ್ ಗೇಜಿನಿಂದ. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್, ಕುಗ್ಗಿಸಿದರೆ 19.3 ಆಗಬೇಕು. ಹೊರದೇಶದಿಂದ ತರಿಸಿದ ಹಳಿಯ ಮೇಲೆ ಭಾರತದ ಬೋಗಿ ನಿಲ್ಲಿಸಿದರೆ, ಧಡೂತಿ ಆಸಾಮಿಯೊಬ್ಬ ಪಾದ ಜೋಡಿಸಿಕೊಂಡು ನಿಂತ ಹಾಗೆ ಕಾಣುತ್ತದೆ. ಬಹಳ ಜನ ಅದಕ್ಕೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಒಪ್ಪದವರು ಹಳಿಯನ್ನು ಕೈಯಲ್ಲೇ ಬೆಸೆಯಬೇಕು, ಪ್ರತಿ ಚಕ್ರಜೋಡಿಯ ಅಚ್ಚನ್ನು ಉದ್ದ ಮಾಡಬೇಕು. ಹಳೆಯ ಮೀಟರ್ ಗೇಜಿಗೆ ಈ ಕಷ್ಟವಿಲ್ಲ. 1,000 ಮಿಲಿಮೀಟರ್ ಕುಗ್ಗಿದರೆ 11.5 ಆಗುತ್ತದೆ, ಅಂಗಡಿಯ 12 ಮಿಲಿಮೀಟರ್ ಹಳಿ ಹೆಚ್ಚುಕಡಿಮೆ ಸರಿಹೋಗುತ್ತದೆ. ದೊಡ್ಡಪ್ಪನ ಮನಸ್ಸು ಮೀಟರ್ ಗೇಜ್ ಕಾಲದ ಅರಸೀಕೆರೆಯತ್ತ ಓಡಲು ಬಾಲ್ಯದ ನೆನಪಿನ ಜೊತೆ ಈ ಸೌಕರ್ಯವೂ ಒಂದು ಕಾರಣ.

ನಮ್ಮ ಕಡೆಯ ರೈಲುಗಳ ಮಾದರಿ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ಇಲ್ಲಿಯ ಹವ್ಯಾಸಿ ತಾನೇ ಕಮ್ಮಾರ, ತಾನೇ ಬಡಗಿ, ತಾನೇ ಬಣ್ಣಗಾರ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಬೋಗಿಯ ಗೋಡೆ, ಹಿತ್ತಾಳೆ ತಂತಿ ಬಗ್ಗಿಸಿ ಕೈಹಿಡಿ, ಈಚೆಗೆ 3ಡಿ ಪ್ರಿಂಟರಿನಿಂದ ಬೋಗಿಯ ಕೆಳಗಿನ ಸಣ್ಣಪುಟ್ಟ ಪೆಟ್ಟಿಗೆಗಳು. ಈ ಅಳತೆಯಲ್ಲಿ ಹಳೆಯ ನಮೂನೆಯ ಐಸಿಎಫ್ ಬೋಗಿ 24.5 ಸೆಂಟಿಮೀಟರ್, ಹೊಸ ನಮೂನೆಯ ಎಲ್‌ಎಚ್‌ಬಿ 27 ಸೆಂಟಿಮೀಟರ್, ಆಳೆತ್ತರದ ಮನುಷ್ಯ ಎರಡು ಸೆಂಟಿಮೀಟರಿಗೆ ತುಸು ಕಡಿಮೆ. ಪುಣೆಯಲ್ಲಿ ಭಾವೂಸಾಹೇಬ ಜೋಶಿಯವರು ಕಟ್ಟಿ 1998ರಲ್ಲಿ ಜನರಿಗೆ ತೆರೆದ ಕಿರು ರೈಲುಗಳ ಸಂಗ್ರಹಾಲಯವನ್ನು ನೋಡಿ ಈ ಹುಚ್ಚು ಹತ್ತಿಸಿಕೊಂಡವರು ಅನೇಕರು. ಮೈಸೂರಿನಲ್ಲಿ 1979ರಿಂದ ಇರುವ ರೈಲು ಸಂಗ್ರಹಾಲಯದಲ್ಲಿ ಟೇಪು ಹಿಡಿದು ಹಳೆಯ ಎಂಜಿನ್ನುಗಳ ಸುತ್ತ ಸುತ್ತುವವರನ್ನು ಕಂಡರೆ, ಅವರೂ ಈ ಪೈಕಿಯವರೇ ಎಂದು ತಿಳಿಯಬಹುದು.

ತುಮಕೂರು, ಗುಬ್ಬಿ ದಾಟುವವರೆಗೆ ದೊಡ್ಡಪ್ಪ ಕಿಟಕಿಯಿಂದ ಆಚೆ ನೋಡುತ್ತಲೇ ಇದ್ದರು. ಅವರು ನೋಡಿದ್ದು ಹೊಲವನ್ನಲ್ಲ, ಹಳಿಯನ್ನು. ನಿಲ್ದಾಣ ಹತ್ತಿರವಾದಂತೆ ಜಲ್ಲಿಯ ಬಣ್ಣ ಬೂದಿಯಿಂದ ಕಂದಿಗೆ ತಿರುಗುವುದನ್ನು ಅವಳಿಗೆ ತೋರಿಸಿದರು. ರೈಲುಗಳು ಬ್ರೇಕ್ ಹಾಕುವ ಜಾಗದಲ್ಲಿ ಕಬ್ಬಿಣದ ಪುಡಿ ಉದುರಿ ಕಲ್ಲಿಗೆ ತುಕ್ಕಿನ ಬಣ್ಣ ಹಿಡಿಯುತ್ತದೆ. ಬಯಲಿನ ಜಲ್ಲಿ ಬೂದು ಬಣ್ಣದಲ್ಲೇ ಉಳಿಯುತ್ತದೆ. ಇಂಥ ಗುರುತುಗಳನ್ನು ಮಾದರಿಯ ಮೇಲೆ ತರುವ ಕೆಲಸವನ್ನು ಹವ್ಯಾಸಿಗಳು ‘ವೆದರಿಂಗ್’ ಎನ್ನುತ್ತಾರೆ. ಹೊಸದಾಗಿ ಬಣ್ಣ ಬಳಿದ ಬೋಗಿಗೆ ಧೂಳು, ಮಸಿ, ತುಕ್ಕು, ಮಳೆ ನೀರಿನ ಗೆರೆ ಹಚ್ಚಿ ಅದನ್ನು ಹಳತು ಮಾಡುವ ಕಲೆ ಅದು. ಬೋಗಿ ಕಟ್ಟಲು ಹಿಡಿಯುವ ತಾಳ್ಮೆಗಿಂತ ಅದನ್ನು ಕೊಳೆ ಮಾಡಲು ಹೆಚ್ಚು ತಾಳ್ಮೆ ಬೇಕು. "ಮನೇಲಿ ದೊಡ್ಡಮ್ಮ ಗುಡಿಸ್ತಾ ಇರ್ತಾರೆ, ನೀವು ಧೂಳು ಬಳೀತಾ ಇರ್ತೀರಿ" ಎಂದು ಹುಡುಗಿ ನಕ್ಕಳು.

ತಿಪಟೂರು ಬರುವ ಹೊತ್ತಿಗೆ ಎರಡೂ ಕಡೆ ತೆಂಗು ಒತ್ತಾಯಿತು. ಗುಬ್ಬಿಯಿಂದ ಹರಿಹರದತ್ತ ಹೋಗುವ ಈ ದಾರಿಗೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಳಿ ಹಾಕಿತು. ಅರಸೀಕೆರೆಯನ್ನು ಜಂಕ್ಷನ್ ಮಾಡಿದ್ದು ಮಾತ್ರ ಮೈಸೂರು ಸಂಸ್ಥಾನ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಅವಧಿಯಲ್ಲಿ ಮೈಸೂರಿನಿಂದ ಹಾಸನದ ಮೇಲೆ ಅರಸೀಕೆರೆಗೆ ಮೀಟರ್ ಗೇಜ್ ಕೂಡಿಸುವ ಕೆಲಸ ನಡೆಯಿತು. ಮೈಸೂರಿನವರು ಹುಬ್ಬಳ್ಳಿ ಕಡೆ ಹೋಗಲು ಬೆಂಗಳೂರು ಸುತ್ತಬೇಕಾದ ಪಾಡು ತಪ್ಪಿತು. 1951ರಲ್ಲಿ ಸಂಸ್ಥಾನದ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಸೇರಿತು. 2003ರಿಂದ ಹುಬ್ಬಳ್ಳಿಯ ನೈಋತ್ಯ ರೈಲ್ವೆ. 1990ರ ದಶಕದಲ್ಲಿ ಮೀಟರ್ ಗೇಜ್ ಕಿತ್ತು ಬ್ರಾಡ್‌ಗೇಜ್ ಬಂತು.

ಇಳಿದ ಕೂಡಲೇ ಇಬ್ಬರೂ ಮಾಡಿದ ಮೊದಲ ಕೆಲಸ ತಿಂಡಿ. ನಿಲ್ದಾಣದಾಚೆಯ ಸಣ್ಣ ಹೋಟೆಲಿನಲ್ಲಿ ಇಡ್ಲಿಗಿಂತ ಚಟ್ನಿಯೇ ಹೆಚ್ಚು ಬಡಿಸಿದರು. ಬೆಂಗಳೂರಿನ ಹೋಟೆಲುಗಳಲ್ಲಿ ಹುರಿಗಡಲೆ ಬೆರೆತು ಬೆರೆತು ತೆಂಗಿನಕಾಯಿಯ ರುಚಿಯೇ ಮರೆತುಹೋದ ನಾಲಿಗೆಗೆ ಅದೊಂದು ಹಬ್ಬ. ಹೋಟೆಲಿನ ಹಿಂದೆ ಕೊಬ್ಬರಿ ವ್ಯಾಪಾರದ ಅಂಗಳ. ಇಲ್ಲಿಯದು ಉಂಡೆ ಕೊಬ್ಬರಿ: ಕಾಯಿ ಅಟ್ಟದ ಮೇಲೆ ಹತ್ತು–ಹನ್ನೊಂದು ತಿಂಗಳು ಕೂತು, ಒಳಗಿನ ನೀರು ಇಂಗಿ, ಗಿಟುಕು ಚಿಪ್ಪು ಬಿಟ್ಟ ಮೇಲೆ ಒಡೆಯುತ್ತಾರೆ. ನೀರು ಇಂಗಿ ಮುಗಿದಿದೆಯೋ ಇಲ್ಲವೋ ಎಂದು ತಿಳಿಯಲು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಬೇಕು. ದೊಡ್ಡಪ್ಪ ಕೇಳಿದ್ದು ಕೊಬ್ಬರಿಯನ್ನಲ್ಲ, ಮೂಲೆಯಲ್ಲಿ ಬಿದ್ದಿದ್ದ ನಾರನ್ನು. ಸಣ್ಣಗೆ ಕತ್ತರಿಸಿ ಅಂಟಿನ ಮೇಲೆ ನಿಲ್ಲಿಸಿದರೆ ಹಳಿ ಪಕ್ಕದ ಒಣಹುಲ್ಲಿಗೆ ಅದಕ್ಕಿಂತ ಒಳ್ಳೆಯ ವಸ್ತು ಇನ್ನೊಂದಿಲ್ಲ. "ಹಗ್ಗಕ್ಕಾ?" ಎಂದು ಕೇಳಿದ ಅಂಗಳದ ಹೆಂಗಸು, "ಹುಲ್ಲಿಗೆ" ಎಂಬ ಉತ್ತರ ಕೇಳಿ ಒಂದು ಹಿಡಿ ಜಾಸ್ತಿಯೇ ಕಟ್ಟಿಕೊಟ್ಟಳು. ಜಲ್ಲಿಗೂ ಅವರ ಹತ್ತಿರ ಇಂಥದೇ ಉಪಾಯವಿದೆ. ಐದು ಸೆಂಟಿಮೀಟರಿನ ಕಲ್ಲು ಕುಗ್ಗಿದರೆ ಅರ್ಧ ಮಿಲಿಮೀಟರಿಗೆ ತುಸು ಮೇಲೆ. ಜರಡಿ ಹಿಡಿದ ರಂಗೋಲಿ ಪುಡಿಯ ತರಿ ಅದಕ್ಕೆ ಸರಿಯಾಗಿ ಒಪ್ಪುತ್ತದೆ.

ನಿಲ್ದಾಣದಲ್ಲಿ ಫೋಟೊ ತೆಗೆಯುವ ಮೊದಲು ಅನುಮತಿ ಕೇಳುವುದು ಒಳ್ಳೆಯದು. ಕೇಳಿದಾಗ ಅಲ್ಲಿಯ ಅಧಿಕಾರಿ, ಹಳದಿ ಗೆರೆ ದಾಟಬೇಡಿ, ಸ್ಟ್ಯಾಂಡ್ ನಿಲ್ಲಿಸಬೇಡಿ ಎಂದಷ್ಟೇ ಹೇಳಿ ಕಳಿಸಿದರು. ಅಳತೆಪಟ್ಟಿ ಹಿಡಿದು ಕಂಬ, ಬೆಂಚು, ನೀರಿನ ನಲ್ಲಿಗಳ ಮುಂದೆ ಕೂತು ಏಳುತ್ತಿದ್ದ ಇಬ್ಬರನ್ನೂ ಊರುಗೋಲು ಹಿಡಿದ ಒಬ್ಬ ಮುದುಕರು ಬಹಳ ಹೊತ್ತು ನೋಡಿದರು. ಸುಮ್ಮನಿರಲಾಗಲಿಲ್ಲ.

"ಏನ್ ಅಳೀತಾ ಇದೀರ ಸ್ವಾಮಿ? ಹೊಸ ಲೈನ್ ಬತ್ತದಾ?"

"ಇಲ್ಲ ತಾತ, ದೊಡ್ಡಪ್ಪ ಮನೇಲಿ ಈ ಸ್ಟೇಷನ್ನೇ ಕಟ್ತಾರೆ. ಚಿಕ್ಕದಾಗಿ."

ಅವರು ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಕಟ್ಟುವುದರಲ್ಲಿ ಅವರಿಗೆ ವಿಚಿತ್ರವೇನೂ ಕಾಣಲಿಲ್ಲ, ಕೆಲಸದವರು ಕೆಲಸದವರನ್ನು ಕೇಳುವ ಹಾಗೆ ಕೇಳಿದರು: "ಯಾವ್ ಕಾಲದ್ದು?"

ಮೀಟರ್ ಗೇಜ್ ಕಾಲದ್ದು, ಉಗಿ ಎಂಜಿನ್ ಓಡುತ್ತಿದ್ದಾಗಿನದು ಎಂದರು ದೊಡ್ಡಪ್ಪ. ವೈಪಿ ಎಂಬ ಉಗಿ ಎಂಜಿನ್ನಿನ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದರು. ಮುದುಕರ ಮುಖ ಅರಳಿತು, ಆದರೆ ತಲೆ ಅಡ್ಡಡ್ಡ ಆಡಿತು.

"ಅದ್ರಲ್ಲಿ ಯಾವ್ದು? ಮೊದ್ಲು ಮರದ ಸ್ಲೀಪರ್ ಇತ್ತು. ಆಮೇಲೆ ಕಬ್ಬಿಣದ್ದು ಬಂತು. ಡೀಸೆಲ್ ಬಂತು. ಗೇಜ್ ಬದ್ಲಾಯ್ತು, ಕಾಂಕ್ರೀಟ್ ಸ್ಲೀಪರ್ ಬಂತು. ಈಗ ನೋಡಿ, ಮೇಲೆ ಕರೆಂಟು. ಒಂದೊಂದ್ ಸಲವೂ ಒಂದೊಂದ್ ಅರಸೀಕೆರೆ. ನೀವ್ ಯಾವ್ ಕಾಲದ್ ಅರಸೀಕೆರೆ ಮಾಡ್ತೀರ ಸ್ವಾಮಿ?"

ಎಂಜಿನ್ನಿಗೆ ನೀರು ತುಂಬಿಸುತ್ತಿದ್ದ ಕಂಬ ಎಲ್ಲಿತ್ತು ಎಂದು ದೊಡ್ಡಪ್ಪ ಕೇಳಿದರು. ಕೋಲು ಒಂದು ಕಡೆ ತೋರಿಸಿತು. ಸ್ವಲ್ಪ ಯೋಚಿಸಿ ಇನ್ನೊಂದು ಕಡೆ ತೋರಿಸಿತು. "ಇಲ್ಲೇ ಎಲ್ಲೋ ಇತ್ತು. ದಿನಾ ಅದ್ರ ಬುಡದಾಗೇ ಕೂತು ಬುತ್ತಿ ಉಣ್ತಿದ್ವಿ." ಫೋಟೊ ಏನಾದರೂ ಇದೆಯೇ ಎಂದರೆ, "ನಮ್ಮತ್ರ ಕ್ಯಾಮೆರಾ ಎಲ್ಲಿತ್ತು ಸ್ವಾಮಿ?" ಎಂದು ನಕ್ಕರು.

ಯುರೋಪಿನ ಮಾದರಿಗಾರರಿಗೆ ಈ ಪ್ರಶ್ನೆ ಹೊಸದಲ್ಲ. ರೈಲಿನ ಇತಿಹಾಸವನ್ನು ಅವರು ಒಂದರಿಂದ ಆರರವರೆಗೆ ಯುಗಗಳಾಗಿ ವಿಂಗಡಿಸಿಕೊಂಡಿದ್ದಾರೆ. ಪೆಟ್ಟಿಗೆಯ ಮೇಲೆಯೇ ಯುಗದ ಸಂಖ್ಯೆ ಅಚ್ಚಾಗಿರುತ್ತದೆ. ಮೂರನೇ ಯುಗದ ಎಂಜಿನ್ನಿಗೆ ಐದನೇ ಯುಗದ ಬೋಗಿ ಕಟ್ಟಿದರೆ ತಿಳಿದವರು ಹುಬ್ಬು ಹಾರಿಸುತ್ತಾರೆ. ಅಲ್ಲಿ ನಕ್ಷೆ, ಛಾಯಾಚಿತ್ರ, ಕಾರ್ಖಾನೆಯ ದಾಖಲೆ ಎಲ್ಲವೂ ಕೈಗೆ ಸಿಗುತ್ತವೆ. ಇಲ್ಲಿ ಒಂದು ನೀರಿನ ಕಂಬ ನಿಂತ ಜಾಗವನ್ನು ಅದರ ಬುಡದಲ್ಲಿ ಉಂಡವರೂ ಖಚಿತವಾಗಿ ಹೇಳಲಾರರು.

ಊರು ಬಿಡುವ ಮುನ್ನ ಹುಡುಗಿ ಅರಸೀಕೆರೆಯ ಈಶ್ವರ ದೇವಾಲಯಕ್ಕೆ ಎಳೆದುಕೊಂಡು ಹೋದಳು. 1220ರ ಸುಮಾರಿನ ಹೊಯ್ಸಳ ಗುಡಿ. ರೈಲು ಬದಲಿಸಲು ಇಲ್ಲಿ ಇಳಿದ ಲಕ್ಷಾಂತರ ಜನ ಇದನ್ನು ನೋಡದೆಯೇ ಮುಂದೆ ಹೋಗಿದ್ದಾರೆ. ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ತಿರುಗುವ ತಳ, ಮುಂದೆ ತೆರೆದ ಮಂಟಪ, ಅದರ ಮೇಲೆ ಗುಮ್ಮಟದಂಥ ಚಾವಣಿ. ಅವಳು ನೋಟ್‌ಬುಕ್ಕಿನಲ್ಲಿ ಒಂದು ಚೌಕ ಬರೆದು ಅದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ನಕ್ಷತ್ರ ಹೇಗೆ ಹುಟ್ಟುತ್ತದೆ ಎಂದು ತೋರಿಸಿದಾಗ, ನಲವತ್ತು ವರ್ಷ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತ ಮನುಷ್ಯ ಮೊದಲ ಬಾರಿಗೆ ರೈಲು ಮರೆತರು.

ಜಾವಗಲ್ಲಿನ ಮೇಲೆ ಹಳೇಬೀಡಿಗೆ ಬಸ್ಸು. ಅರಸೀಕೆರೆಯ ಕಡೆಯ ಒಣ ಹವೆ, ಕೆಂಪು ಮಣ್ಣು, ತೆಂಗು, ರಾಗಿಯ ಕೂಳೆ ಹಿಂದೆ ಸರಿದು ಕೆರೆಗಳು ಹೆಚ್ಚಿದವು. ಪಡುವಣದಲ್ಲಿ ಮಲೆನಾಡಿನ ನೀಲಿ ಅಂಚು ಕಂಡಿತು. ಬಸ್ಸಿನ ತುಂಬ ಅವರೆಕಾಯಿಯ ಚೀಲಗಳು, ಸೊಗಡಿನ ವಾಸನೆ. ಬೆಂಗಳೂರಿನಲ್ಲಿ ಅವರೆ ಮೇಳ ಮಾಡಿ ಮೆರೆಸುವ ಕಾಯಿ ಇಲ್ಲಿ ಸೀಟಿನ ಕೆಳಗೆ ಸುಮ್ಮನೆ ಕೂತಿತ್ತು.

ದೋರಸಮುದ್ರವಾಗಿ ಮೆರೆದ ಹಳೇಬೀಡಿನಲ್ಲಿ ಹೊಯ್ಸಳೇಶ್ವರ ದೇವಾಲಯ ಏಳಲು ತೊಡಗಿದ್ದು 1121ರ ಸುಮಾರಿಗೆ. ಮಲಿಕ್ ಕಾಫೂರನ ದಂಡು ಬಂದದ್ದು 1311ರಲ್ಲಿ. ನಡುವಿನ ಸುಮಾರು ಇನ್ನೂರು ವರ್ಷಗಳ ವೈಭವ 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಸೋಮನಾಥಪುರಗಳ ಜೊತೆ ಯುನೆಸ್ಕೊ ಪಟ್ಟಿ ಸೇರಿತು. ಗೋಡೆಯ ಕೆಳಗಿನ ಪಟ್ಟಿಕೆಗಳ ಮುಂದೆ ಶಾಲೆಯ ಮಕ್ಕಳ ಸಾಲು. ಅತಿ ಕೆಳಗೆ ಆನೆ, ಅದರ ಮೇಲೆ ಸಿಂಹ, ಮೇಲೆ ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ಒಂದಾನೆಯ ಹಾಗೆ ಇನ್ನೊಂದಾನೆ ಇಲ್ಲ ಎಂದು ಗೈಡ್ ಹೇಳಿದ್ದೇ ತಡ, ಮಕ್ಕಳು ಎರಡು ಒಂದೇ ಥರದ ಆನೆ ಹುಡುಕುವ ಪಂತಕ್ಕೆ ಬಿದ್ದರು.

ದೊಡ್ಡಪ್ಪ ನಿಂತದ್ದು ಕೈಲಾಸ ಎತ್ತುತ್ತಿರುವ ರಾವಣನ ಮುಂದೆ. ಒಂದು ಕಲ್ಲಿನ ಚಪ್ಪಡಿಯಲ್ಲಿ ಬೆಟ್ಟ, ಬೆಟ್ಟದ ಪದರ ಪದರಗಳಲ್ಲಿ ಮೃಗಗಳು, ಗಣಗಳು, ಮೇಲೆ ಶಿವಪಾರ್ವತಿಯರು, ಕೆಳಗೆ ಭಾರ ಹೊತ್ತ ಹತ್ತು ತಲೆ. ರೈಲಿನ ಮಾದರಿಯವರು ‘ಡಯೊರಾಮಾ’ ಎನ್ನುವುದು ಇದಕ್ಕೇ: ಚೌಕಟ್ಟಿನೊಳಗೆ ಒಂದು ಜಗತ್ತು. ಇದು ಕೈಗೂಡಲು ಕಲ್ಲೂ ನೆರವಾಯಿತು. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆದು, ಗಾಳಿ ತಾಗುತ್ತ ಹೋದಂತೆ ಗಡುಸು. ಪ್ಲಾಸ್ಟಿಕ್ ಹಾಳೆಗಿಂತ ಅದು ಎಷ್ಟು ಒಳ್ಳೆಯದೆಂದು ಅವರು ಗೊಣಗಿಕೊಂಡರು. ಒಳಗಿನ ನುಣುಪು ಕಂಬಗಳ ಬಳೆಬಳೆ ಗೆರೆಗಳನ್ನು ಮುಟ್ಟಿ, ಇದು ಲೇತಿನಲ್ಲಿ ತಿರುಗಿಸಿದ ಗುರುತು ಎಂದು ಸ್ವಂತ ಚಕ್ರಗಳನ್ನು ಕಡೆದು ಬಲ್ಲ ಬೆರಳುಗಳು ಥಟ್ಟನೆ ಹೇಳಿದವು.

ಹುಡುಗಿ ಕುರುಕ್ಷೇತ್ರದ ಸಾಲಿನ ಮುಂದೆ ನಿಂತು ಚಿತ್ರ ಬರೆಯುತ್ತಿದ್ದಳು. ಶರಶಯ್ಯೆಯ ಭೀಷ್ಮ, ಚಕ್ರವ್ಯೂಹದ ಅಭಿಮನ್ಯು. "ದೊಡ್ಡಪ್ಪ, ಈ ಕುದುರೆಯ ಜೀನು ನೋಡಿ. ರಥದ ಚಕ್ರ ನೋಡಿ. ಇದು ದ್ವಾಪರದ್ದಲ್ಲ, ವಿಷ್ಣುವರ್ಧನನ ಕಾಲದ್ದು."

ಮಾತು ಸಣ್ಣದು, ಆದರೆ ಅದರಲ್ಲಿ ತಿರುವಿತ್ತು. ಕಥೆ ಎಷ್ಟೇ ಹಳೆಯದಾಗಲಿ, ರೂವಾರಿ ಕೆತ್ತಿದ್ದು ತನ್ನ ಕಣ್ಣೆದುರಿನ ಆಯುಧ, ಒಡವೆ, ತುರುಬು, ಮದ್ದಳೆ, ಸೀರೆಯ ನಿರಿಗೆಗಳನ್ನು. ಆ ಕಾರಣಕ್ಕೇ ಹನ್ನೆರಡನೇ ಶತಮಾನದ ಕನ್ನಡನಾಡಿನವರು ಏನು ಉಡುತ್ತಿದ್ದರು, ಯಾವ ವಾದ್ಯ ನುಡಿಸುತ್ತಿದ್ದರು ಎಂದು ತಿಳಿಯಬೇಕಾದವರು ಇಂದಿಗೂ ಈ ಗೋಡೆಯ ಮುಂದೆ ಬಂದು ನಿಲ್ಲುತ್ತಾರೆ. ದ್ವಾಪರಯುಗದ ‘ನಿಜವಾದ’ ರಥ ಹೇಗಿತ್ತೆಂದು ಊಹಿಸಿ ಕೆತ್ತಲು ರೂವಾರಿಗಳು ಕೂತಿದ್ದರೆ ದ್ವಾಪರವೂ ಸಿಗುತ್ತಿರಲಿಲ್ಲ, ಹೊಯ್ಸಳರೂ ಉಳಿಯುತ್ತಿರಲಿಲ್ಲ.

ಹಳೇಬೀಡಿನಿಂದ ಬೇಲೂರಿಗೆ 16 ಕಿಲೋಮೀಟರ್. ಇಲ್ಲಿ ಗಾಳಿಗೆ ಕಾಫಿಯ ಘಮ ಬಂದುಬಿಡುತ್ತದೆ. ರಾತ್ರಿಯ ಊಟಕ್ಕೆ ಕಾವಲಿಯಿಂದ ನೇರ ತಟ್ಟೆಗೆ ಬಿದ್ದ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಹಿತಕಿದ ಅವರೆಬೇಳೆಯ ಸಾರು. ಬಡಿಸಿದ ಮನೆಯೊಡತಿ, ರೈಲಿನ ವಿಷಯ ಕೇಳಿ, "ನಮ್ಮೂರಿಗೇ ಇನ್ನೂ ರೈಲು ಬಂದಿಲ್ಲ, ನೀವು ಆಗಲೇ ಮನೆಗೆ ತಂದ್ಕೊಂಡ್ರಾ?" ಎಂದು ಚುಚ್ಚಿದರು. ಮಾತು ನಿಜ. ಕಡೂರು–ಚಿಕ್ಕಮಗಳೂರು ಮಾರ್ಗ 2013ರಲ್ಲಿ ಶುರುವಾಯಿತು. ಚಿಕ್ಕಮಗಳೂರಿನಿಂದ ಬೇಲೂರಿನ ಮೇಲೆ ಹಾಸನ ತಲುಪಬೇಕಾದ ಹಳಿಗೆ ಈ ಊರು ಕಾಯುತ್ತಲೇ ಇದೆ.

ಮರುದಿನ ಬೆಳಿಗ್ಗೆ ಚೆನ್ನಕೇಶವನ ಗುಡಿ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ್ದು. ಸೂರಿನ ಕೆಳಗಿನ ಮದನಿಕೆಯರನ್ನು ಕತ್ತು ಎತ್ತಿ ನೋಡುವ ಗುಂಪಿನಲ್ಲಿ ದೊಡ್ಡಪ್ಪ ಹುಡುಕಿದ್ದು ಒಂದು ಹಲಸಿನ ಹಣ್ಣನ್ನು. ಒಬ್ಬ ಮದನಿಕೆಯ ತಲೆಯ ಮೇಲಿನ ಬಳ್ಳಿಯಲ್ಲಿ ಹಲಸಿನ ಹಣ್ಣಿದೆ, ಹಣ್ಣಿನ ಮೇಲೆ ನೊಣವಿದೆ, ನೊಣಕ್ಕೆ ಹೊಂಚು ಹಾಕಿದ ಹಲ್ಲಿಯಿದೆ. ಒಳಗೆ ನರಸಿಂಹ ಕಂಬದ ಮೇಲೆ ಕಡಲೆಕಾಳಿನಷ್ಟೇ ಇರುವ ನಂದಿಯಿದೆ, ಅದಕ್ಕೆ ಕಡಲೆ ಬಸವನೆಂದೇ ಹೆಸರು. ಇನ್ನೊಂದು ಬೊಂಬೆಯ ಕೈಬಳೆ ಅಲ್ಲಾಡುತ್ತದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನೂ ಕಲ್ಲಿನಲ್ಲಿ ಬರೆದುಕೊಂಡರು. ಕೆಳಗೆ ದೂರದಲ್ಲಿ ನಿಂತವರಿಗೆ ನೊಣ ಕಾಣುವುದಿಲ್ಲ ಎಂದು ಗೊತ್ತಿದ್ದೂ ನೊಣ ಮಾಡಿದವರು. ಬೋಗಿಯ ಕೆಳಗೆ ಯಾರೂ ಬಗ್ಗಿ ನೋಡದ ಬ್ರೇಕ್ ಸರಳನ್ನು ಹಿತ್ತಾಳೆಯಲ್ಲಿ ಮಾಡಿ ಕೂರಿಸುವವರಿಗೆ ಇಂಥವರು ಹತ್ತಿರದ ನೆಂಟರು.

ಗುಡಿಯಾಚೆ ಬಳಪದ ಕಲ್ಲಿನ ಸಣ್ಣ ವಿಗ್ರಹ ಕೆತ್ತುತ್ತಿದ್ದ ಶಿಲ್ಪಿಯೊಬ್ಬರ ಹತ್ತಿರ ದೊಡ್ಡಪ್ಪ ಬಹಳ ಹೊತ್ತು ಕೂತರು. ದೊಡ್ಡ ವಿಗ್ರಹವನ್ನು ಚಿಕ್ಕದು ಮಾಡುವಾಗ ಎಲ್ಲ ಅಳತೆಯನ್ನೂ ಒಂದೇ ಪಾಲಿನಲ್ಲಿ ಇಳಿಸುತ್ತೀರೋ ಎಂದು ಕೇಳಿದರು. ಶಿಲ್ಪಿ ಉಳಿ ಕೆಳಗಿಟ್ಟರು. "ಉದ್ದ ಅಗಲ ಇಳಿಸ್ತೀವಿ ಸಾರ್. ಆಳ ಮಾತ್ರ ಲೆಕ್ಕಕ್ಕಿಂತ ಜಾಸ್ತಿ ಹೊಡೀಬೇಕು. ಚಿಕ್ಕದ್ರಲ್ಲಿ ನೆರಳು ಬೀಳಲ್ಲ. ನೆರಳು ಬೀಳಲಿಲ್ಲ ಅಂದ್ರೆ ಮೂಗು ಇದ್ರೂ ಇಲ್ಲದ ಹಾಗೇ." ರೈಲಿನವರೂ ಮಾಡುವುದು ಅದನ್ನೇ. ಬಾಗಿಲ ಸಂದಿಗೆ, ಕಿಟಕಿಯ ಅಂಚಿಗೆ ತೆಳು ಕಪ್ಪು ಬಣ್ಣ ಹರಿಸಿ, ಬೀಳದ ನೆರಳನ್ನು ಕೈಯಾರೆ ಹಾಕುತ್ತಾರೆ. ಲೆಕ್ಕ ತಪ್ಪಿಸಿಯೇ ನಿಜ ಕಾಣಿಸುವ ಈ ಗುಟ್ಟು ಉಳಿಗೂ ಕುಂಚಕ್ಕೂ ಒಂದೇ.

ಹೊರಡುವ ಮೊದಲು ಹುಡುಗಿ ಅವರನ್ನು ಗುಡಿಯ ಬಾಗಿಲಿನ ಮೆಟ್ಟಿಲುಗಳ ಹತ್ತಿರ ನಿಲ್ಲಿಸಿದಳು. ಎರಡೂ ಪಕ್ಕ ಆಳೆತ್ತರಕ್ಕೆ ತುಸು ಮೇಲಿನ ಪುಟ್ಟ ಗುಡಿಗಳು, ಪ್ರತಿಯೊಂದಕ್ಕೂ ಶಿಖರ. ಮುಖ್ಯ ಗುಡಿಗೆ ಇಂದು ಶಿಖರವಿಲ್ಲ. ಇಟ್ಟಿಗೆ, ಮರಗಳಿಂದ ಕಟ್ಟಿದ್ದ ಅದು ಶಿಥಿಲವಾಗಿ, ಕೆಳಗಿನ ಕಟ್ಟಡಕ್ಕೆ ಅಪಾಯವಾದೀತೆಂದು ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಇಳಿಸಿದರು. ಮೂಲ ಶಿಖರ ಭೂಮಿಜ ಮಾದರಿಯದ್ದಾಗಿತ್ತು ಎಂದು ಕಲೆಯ ಇತಿಹಾಸ ಬಲ್ಲವರು ಊಹಿಸುವುದು ಈ ಮೆಟ್ಟಿಲ ಪಕ್ಕದ ಪುಟ್ಟ ಗುಡಿಗಳನ್ನು ನೋಡಿಯೇ. ದೊಡ್ಡದು ಹೋಯಿತು, ಚಿಕ್ಕದು ಸಾಕ್ಷಿ ನುಡಿಯಲು ಉಳಿಯಿತು.

"ಇವನ್ನು ಮಾಡಿದ್ದು ಶಿಖರ ಹೋದ ಮೇಲೆ ಅಲ್ಲ ದೊಡ್ಡಪ್ಪ" ಎಂದಳು ಅವಳು. "ಇನ್ನೂ ನಿಂತಿದ್ದಾಗ."

ಬೆಂಗಳೂರಿನ ಮಹಡಿ ಕೋಣೆಯಲ್ಲಿ, ಹಳೇಬೀಡು, ಬೇಲೂರುಗಳಲ್ಲಿ ಹುಡುಗಿ ಆಡಿದ ಎರಡು ಮಾತುಗಳೂ ಮುದುಕರ ಪ್ರಶ್ನೆಯೂ ಒಂದರ ಪಕ್ಕ ಒಂದು ಕೂತವು. ಮೀಟರ್ ಗೇಜಿನ ಅರಸೀಕೆರೆಯನ್ನು ಕಟ್ಟಬಹುದು, ಆದರೆ ಅದರಲ್ಲಿ ಅರ್ಧ ಊಹೆ. ನೀರಿನ ಕಂಬ ಎಲ್ಲಿ, ಗೋಡೆಗೆ ಯಾವ ಬಣ್ಣ, ಎಷ್ಟು ಅಡ್ಡಹಳಿ ಎಂಬುದನ್ನೆಲ್ಲ ನೆನಪಿನಿಂದ ತುಂಬಿಸಬೇಕು. ಅದು ಇದ್ದಾಗ ಯಾರೂ ಅಳೆಯಲಿಲ್ಲ, ಏಕೆಂದರೆ ಆಗ ಅದು ಎಲ್ಲರೂ ದಿನಾ ನೋಡುವ ಮಾಮೂಲಿ ನಿಲ್ದಾಣ. ಈಗಿನ ಅರಸೀಕೆರೆಯೂ ಹಾಗೆಯೇ ಮಾಮೂಲಿ. ಕಾಂಕ್ರೀಟ್ ಸ್ಲೀಪರ್, ಮೇಲೆ 25 ಸಾವಿರ ವೋಲ್ಟಿನ ತಂತಿ, ಎಲ್‌ಎಚ್‌ಬಿ ಬೋಗಿಗಳು, 2023ರ ಜೂನ್‌ನಿಂದ ಹಾದುಹೋಗುವ ಬೆಂಗಳೂರು–ಧಾರವಾಡ ವಂದೇ ಭಾರತ್, ಬೆಂಚಿನ ಮೇಲೆ ಮೊಬೈಲಿಗೆ ಬಾಗಿದ ತಲೆಗಳು. ಇದರಲ್ಲಿ ಮೋಹಕವಾದದ್ದೇನೂ ಇಲ್ಲವೆಂದು ಹವ್ಯಾಸಿಗಳು ಉಗಿ ಎಂಜಿನ್ನಿನ ಹಿಂದೆ ಓಡುತ್ತಾರೆ. ಅಮೃತ ಭಾರತ ನಿಲ್ದಾಣ ಯೋಜನೆಯ ಪಟ್ಟಿಯಲ್ಲಿ ಅರಸೀಕೆರೆಯ ಹೆಸರೂ ಇದೆ; ಅಂದರೆ ಇಂದಿನ ರೂಪವೂ ಹೆಚ್ಚು ದಿನ ಹೀಗೇ ಉಳಿಯದು. ಹ್ಯಾಂಬರ್ಗಿನಲ್ಲಿ 2001ರಲ್ಲಿ ತೆರೆದ ಮಿನಿಯಾಟುರ್ ವುಂಡರ್‌ಲಾಂಡ್‌ಗೆ ಜಗತ್ತೇ ಮುಗಿಬೀಳುವುದಕ್ಕೆ ಒಂದು ಕಾರಣ, ಅಲ್ಲಿ ಜನ ತಾವು ಬದುಕುತ್ತಿರುವ ದಿನಗಳನ್ನೇ 1:87ರಲ್ಲಿ ಕಾಣುತ್ತಾರೆ ಎಂಬುದು.

ಕೊನೆಗೆ ನಿರ್ಧಾರವಾಯಿತು: ಈಗಿನ ಅರಸೀಕೆರೆ. ಇಡೀ ನಿಲ್ದಾಣವಲ್ಲ, ಹಾಸನದ ಹಳಿ ಬೇರೆಯಾಗುವ ತುದಿಯಷ್ಟೇ. ಬ್ರಾಡ್‌ಗೇಜ್ ಆದ್ದರಿಂದ 19.3 ಮಿಲಿಮೀಟರ್ ಹಳಿಯನ್ನು ಕೈಯಲ್ಲೇ ಬೆಸೆಯಬೇಕು, ಚಕ್ರಗಳನ್ನೆಲ್ಲ ಹೊಸದಾಗಿ ಕಡೆಯಬೇಕು. ಹನ್ನೆರಡು ಮಿಲಿಮೀಟರ್ ದಪ್ಪದ ವಿದ್ಯುತ್ ತಂತಿ 0.14 ಮಿಲಿಮೀಟರಿಗೆ ಇಳಿಯಬೇಕು. ಅಷ್ಟು ಸಣ್ಣ ತಂತಿಯನ್ನು ಬಿಗಿಯಾಗಿ ಎಳೆದು ನಿಲ್ಲಿಸುವುದು ಉಗಿ ಎಂಜಿನ್ ಮಾಡುವುದಕ್ಕಿಂತ ಕಷ್ಟ. ಕಂಬದ ಬುಡದ ಬೋಲ್ಟುಗಳನ್ನು 3ಡಿ ಪ್ರಿಂಟರಿನಲ್ಲಿ ತೆಗೆಯುವ ಕೆಲಸವನ್ನು ಹುಡುಗಿ ವಹಿಸಿಕೊಂಡಿದ್ದಾಳೆ. ಮೀಟರ್ ಗೇಜಿಗಾಗಿ ತರಿಸಿದ್ದ 12 ಮಿಲಿಮೀಟರ್ ಹಳಿಗಳು ಇನ್ನೊಬ್ಬ ಹವ್ಯಾಸಿಯ ಮನೆ ಸೇರಿದವು.

ಈ ಹುಚ್ಚು ಎಲ್ಲರಿಗೂ ಹತ್ತಬೇಕಾಗಿಲ್ಲ. ಆದರೆ ನಿಮ್ಮೂರಿನ ನಿಲ್ದಾಣದಲ್ಲಿ ಹಳೆಯ ಗೂಡ್ಸ್ ಶೆಡ್ಡು, ಕೈಮರದ ಸಿಗ್ನಲ್ಲು, ಕಲ್ಲಿನ ಬೆಂಚು ಇನ್ನೂ ಉಳಿದಿದ್ದರೆ, ಸ್ಟೇಷನ್ ಮಾಸ್ಟರರ ಅನುಮತಿ ಕೇಳಿ ಒಂದು ಫೋಟೊ ತೆಗೆಯಿರಿ. ಅಳತೆಪಟ್ಟಿಯೊಂದು ಚಿತ್ರದೊಳಗೆ ಬೀಳಲಿ. ತಾರೀಖು, ಊರು ಬರೆದಿಡಿ. ಮನೆಯ ಆಲ್ಬಮ್ಮಿನಲ್ಲಿ ದಿಬ್ಬಣದವರು ರೈಲಿಳಿದ ಹಳೆಯ ಚಿತ್ರವಿದ್ದರೆ ಮುಖಗಳ ಹಿಂದೆ ಏನು ನಿಂತಿದೆ ಎಂದೊಮ್ಮೆ ನೋಡಿ. ಮೀಟರ್ ಗೇಜಿನ ಹಳಿ, ನೀರಿನ ಕಂಬ, ಊರ ಹೆಸರಿನ ಫಲಕ ಕಂಡರೆ ಅದನ್ನು ರದ್ದಿಗೆ ಹಾಕಬೇಡಿ. ಒಂದು ಪ್ರತಿ ತೆಗೆದು, ಮೈಸೂರಿನ ರೈಲು ಸಂಗ್ರಹಾಲಯದಲ್ಲಿ ಬೇಕೇ ಎಂದು ಕೇಳಿ ನೋಡಿ.